ಚಾವಿ ತಿರುಗಿಸಿದರೆ ಬರೀ ‘ಟಕ್’: ಹಳೆ ಸ್ಪೋರ್ಟ್ಸ್ ಕಾರಿನ ವೈರಿಂಗ್ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಜಾತಿಯವು. ಹಳೆ ಸ್ಪೋರ್ಟ್ಸ್ ಕಾರು, ಪ್ರೀತಿಯಿಂದ ಇಟ್ಟುಕೊಂಡದ್ದು, ಸ್ಟಾರ್ಟ್ ಆಗ್ತಿಲ್ಲ. ಹಾಗಾಗಿ ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಡೀಸೆಲ್ ಜೀಪಿನ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ತಡೆಯಿರಿ.

ಪ್ರಶ್ನೆ: ನನ್ನ ಹತ್ತಿರ 2000ದ ಆಸುಪಾಸಿನ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಕಾರು ಇದೆ, ಗೋವಾದಲ್ಲಿ ಒಬ್ಬರಿಂದ ಕೊಂಡದ್ದು. ಮಳೆಗಾಲ ಪೂರ್ತಿ ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತಿತ್ತು. ಈಗ ಚಾವಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಲೈಟೆಲ್ಲ ಹತ್ತುತ್ತವೆ. ಮುಂದೆ ಒಂದು ‘ಟಕ್’, ಅಷ್ಟೇ. ಬ್ಯಾಟರಿ ಹೋಗಿದೆ ಎಂದರು, ಹೊಸದು ಹಾಕಿಸಿದೆ. ಅದೇ ಹಾಡು. ಈಗ ಸೆಲ್ಫ್ ಮೋಟಾರ್ ಬದಲಿಸಿ ಅಂತಿದ್ದಾರೆ. ಅದರ ಸಾಮಾನು ಸುಲಭಕ್ಕೆ ಸಿಗಲ್ಲ. ಏನು ಮಾಡಲಿ ಸರ್?
– ತಿಲಕವಾಡಿ, ಬೆಳಗಾವಿ

ಉತ್ತರ: ಸೆಲ್ಫ್ ಮೋಟಾರ್ ಈಗಲೇ ಕೊಳ್ಳಬೇಡಿ. ಬ್ಯಾಟರಿಗೆ ಹಾಕಿದ ದುಡ್ಡು ಹೋಗಲಿ, ಒಂದಲ್ಲ ಒಂದು ದಿನ ಉಪಯೋಗಕ್ಕೆ ಬರುತ್ತದೆ. ಆದರೆ ಇನ್ನು ಮುಂದೆ ಅಳೆಯದೆ ಏನನ್ನೂ ಬದಲಿಸಬೇಡಿ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಒಂದು 12 ವೋಲ್ಟಿನ ಟೆಸ್ಟ್ ಲ್ಯಾಂಪ್, ಚಾವಿ ತಿರುಗಿಸಲು ಮನೆಯವರೊಬ್ಬರು. ಇಷ್ಟಿದ್ದರೆ ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.

ಮೊದಲು ಆ ಶಬ್ದದ ಅರ್ಥ ಹೇಳುತ್ತೇನೆ. ಒಂದೇ ಸಲ ಗಟ್ಟಿಯಾಗಿ ‘ಟಕ್’ ಅಂದರೆ ಚಾವಿಯಿಂದ ಸೊಲೆನಾಯ್ಡ್‌ವರೆಗೆ (ಎಂಜಿನ್ ತಿರುಗಿಸುವ ಸೆಲ್ಫ್ ಮೋಟಾರಿಗೆ ದೊಡ್ಡ ಕರೆಂಟ್ ಬಿಡುವ ಮ್ಯಾಗ್ನೆಟ್ ಸ್ವಿಚ್ಚು) ಕರೆಂಟ್ ಮುಟ್ಟುತ್ತಿದೆ, ಸೊಲೆನಾಯ್ಡ್ ಎಳೆದುಕೊಳ್ಳುತ್ತಿದೆ, ಆದರೆ ಮೋಟಾರ್ ತಿರುಗಲು ಬೇಕಾದಷ್ಟು ಕರೆಂಟ್ ಬರುತ್ತಿಲ್ಲ ಅಥವಾ ಬಂದರೂ ಮೋಟಾರ್ ತಿರುಗುತ್ತಿಲ್ಲ. ‘ಟಕಟಕಟಕ’ ಅಂತ ಬಿಡದೆ ಹೊಡೆದುಕೊಂಡರೆ ಬ್ಯಾಟರಿ ಇಳಿದಿದೆ ಅಥವಾ ದಾರಿಯಲ್ಲೆಲ್ಲೋ ವೋಲ್ಟೇಜ್ ಸೋರುತ್ತಿದೆ. ಸೊಲೆನಾಯ್ಡ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಅದು ಬಿಟ್ಟುಬಿಡುತ್ತದೆ, ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಏನೂ ಶಬ್ದವೇ ಇಲ್ಲ ಅಂದರೆ ಚಾವಿ ಸ್ವಿಚ್ಚು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು), ಇಲ್ಲವೇ ಹೊರಗಿನಿಂದ ಹಾಕಿಸಿದ ಸೆಕ್ಯುರಿಟಿ ಅಲಾರಮ್ಮಿನ ಕಡೆ ನೋಡಬೇಕು. ಈ ಅಲಾರಮ್ ಹಾಕುವವರು ಸೆಲ್ಫ್ ವೈರನ್ನು ಕತ್ತರಿಸಿ ನಡುವೆ ಒಂದು ರಿಲೇ ತೂರಿಸಿ ಟೇಪ್ ಸುತ್ತಿರುತ್ತಾರೆ, ಹತ್ತು ವರ್ಷ ಬಿಟ್ಟು ಆ ಟೇಪಿನ ಗೋಂದು ಕರಗಿ ಒಳಗೆ ಏನಾಗಿದೆ ಅಂತ ದೇವರಿಗೇ ಗೊತ್ತು. ನಿಮ್ಮದು ಆ ಕೇಸ್ ಅಲ್ಲ, ಬಿಡಿ.

ಈಗ ಅಳತೆ. ರಾತ್ರಿ ಹೊತ್ತು ಹೆಡ್‌ಲೈಟ್ ಹಾಕಿ ಗೋಡೆ ಮೇಲೆ ಬೆಳಕು ಬೀಳುವಂತೆ ನಿಲ್ಲಿಸಿ ಚಾವಿ ತಿರುಗಿಸಿ. ಬೆಳಕು ಪೂರ್ತಿ ಸತ್ತುಹೋದರೆ ಬ್ಯಾಟರಿ ಅಥವಾ ಅದರ ಕ್ಲ್ಯಾಂಪು. ಬೆಳಕು ಹಾಗೇ ಇದ್ದು ಬರೀ ‘ಟಕ್’ ಅಂದರೆ ಕರೆಂಟು ಮೋಟಾರಿಗೆ ಹೋಗುತ್ತಲೇ ಇಲ್ಲ. ಇದಕ್ಕೆ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ.

ಆಮೇಲೆ ಮೀಟರ್. ಗಾಡಿ ಕೆಲವು ತಾಸು ಸುಮ್ನೆ ನಿಂತಿರಲಿ. ಬ್ಯಾಟರಿಯ ಎರಡು ಸೀಸದ ಗೂಟಗಳ ಮೇಲೆ ಪ್ರೋಬ್ ಇಡಿ. 12.6 ವೋಲ್ಟ್ ಬಂದರೆ ತುಂಬಿದೆ. 12.2 ಅಂದರೆ ಅರ್ಧ. 12ರ ಕೆಳಗೆ ಅಂದರೆ ಚಾರ್ಜ್ ಮಾಡದೆ ಮುಂದಿನ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಚಾವಿ ತಿರುಗಿಸಿ ಹಿಡಿದಾಗ ಅದೇ ಗೂಟಗಳ ಮೇಲೆ 9.6ಕ್ಕಿಂತ ಕೆಳಗೆ ಇಳಿಯಬಾರದು. ನಿಮ್ಮದು ಹೊಸ ಬ್ಯಾಟರಿ, ಬಹುಶಃ 12ರ ಹತ್ತಿರವೇ ನಿಲ್ಲುತ್ತದೆ. ಹಾಗೆ ನಿಂತರೆ ಅದು ಒಳ್ಳೆ ಸುದ್ದಿ ಅಂದುಕೊಳ್ಳಬೇಡಿ, ಮೋಟಾರು ಕರೆಂಟು ಎಳೆಯುತ್ತಲೇ ಇಲ್ಲ ಅಂತ ಅದರ ಅರ್ಥ.

ಹೆಚ್ಚಿನವರು ದಾರಿ ತಪ್ಪುವುದು ಇಲ್ಲಿಂದ ಮುಂದೆ. ಗ್ಯಾರೇಜಿನಲ್ಲಿ ಮೀಟರನ್ನು ಬೀಪ್‌ಗೆ ಇಟ್ಟು ಕೇಬಲ್ಲಿನ ಆ ತುದಿ ಈ ತುದಿ ಮುಟ್ಟಿಸುತ್ತಾರೆ, ಬೀಪ್ ಅನ್ನುತ್ತದೆ, ಕೇಬಲ್ ಸರಿ ಇದೆ ಅಂತಾರೆ. ಬೀಪ್ ಅನ್ನಲು ಒಂದೇ ಒಂದು ತಾಮ್ರದ ಎಳೆ ಸಾಕು. ಸೆಲ್ಫ್ ತಿರುಗಲು 100ರಿಂದ 200 ಆಂಪಿಯರ್ ಬೇಕು. ಆ ಒಂದು ಎಳೆಯ ಮೇಲೆ ಅಷ್ಟನ್ನೂ ಕಳಿಸುವುದೆಂದರೆ ಹೆದ್ದಾರಿಯ ಲಾರಿಗಳನ್ನೆಲ್ಲ ಹೊಲದ ಬದುವಿನ ಮೇಲೆ ಬಿಟ್ಟ ಹಾಗೆ. ಲೆಕ್ಕ ಹಾಕಿ ನೋಡಿ: ಎಲ್ಲೋ ಒಂದು ಜಾಯಿಂಟಿನಲ್ಲಿ 0.02 ಓಮ್ ಅಡ್ಡಿ ಇದ್ದರೂ 150 ಆಂಪಿಯರ್ ಹರಿಯುವಾಗ ಅಲ್ಲೇ 3 ವೋಲ್ಟ್ ನುಂಗಿಹಾಕುತ್ತದೆ. ನಮ್ಮ ಸಾದಾ ಮೀಟರಿನ ಓಮ್ ಸೆಟ್ಟಿಂಗಿನಲ್ಲಿ ಆ 0.02 ಕಾಣುವುದೇ ಇಲ್ಲ. ಹಾಗಾಗಿ ಕರೆಂಟ್ ಹರಿಯುವಾಗಲೇ ವೋಲ್ಟ್ ಅಳೆಯಬೇಕು, ವೈರ್ ಬಿಚ್ಚಿಟ್ಟು ಅಳೆದರೆ ಸುಳ್ಳು ಉತ್ತರ ಬರುತ್ತದೆ.

ಮಾಡುವುದು ಹೀಗೆ. ಮೀಟರ್ ಡಿಸಿ ವೋಲ್ಟ್‌ಗೆ ಇಡಿ. ಒಂದು ಪ್ರೋಬ್ ಬ್ಯಾಟರಿಯ ಪಾಸಿಟಿವ್ ಗೂಟದ ಮೇಲೆ, ಇನ್ನೊಂದು ಸೆಲ್ಫ್ ಮೋಟಾರಿನ ಸೊಲೆನಾಯ್ಡ್ ಮೇಲಿರುವ ದಪ್ಪ ಬೋಲ್ಟಿನ ಮೇಲೆ. ಕ್ಲ್ಯಾಂಪಿನ ಮೇಲಲ್ಲ, ಗೂಟದ ಮೇಲೇ. ಯಾಕೆಂದರೆ ತೊಂದರೆ ಎಷ್ಟೋ ಸಲ ಗೂಟಕ್ಕೂ ಕ್ಲ್ಯಾಂಪಿಗೂ ನಡುವೆ ಇರುತ್ತದೆ. ಮನೆಯವರಿಗೆ ಚಾವಿ ತಿರುಗಿಸಲು ಹೇಳಿ. ಮೀಟರ್ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಆ ಕೇಬಲ್ಲಿನ ದಾರಿಯಲ್ಲೇ ತೊಂದರೆ. ಕಡಿಮೆ ಇದ್ದರೆ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ ಇದೇ ಪರೀಕ್ಷೆ ಮಾಡಿ. ಚಾವಿ ತಿರುಗಿಸಿ ‘ಟಕ್’ ಅಂದ ಮೇಲೂ ಅಲ್ಲಿ 12 ವೋಲ್ಟ್ ತೋರಿಸಿದರೆ ಸೊಲೆನಾಯ್ಡಿನ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ. ಮೂರನೆಯದು ಅರ್ಥಿಂಗ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಬರುವ ದಾರಿ: ಒಂದು ಪ್ರೋಬ್ ಬ್ಯಾಟರಿಯ ನೆಗೆಟಿವ್ ಗೂಟ, ಇನ್ನೊಂದು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹ. ಇಲ್ಲಿ 0.2–0.3 ವೋಲ್ಟ್ ದಾಟಬಾರದು.

ನನಗೆ ಅನುಮಾನ ಇರುವುದು ಈ ಮೂರನೆಯದರ ಮೇಲೆ. ಕಾರಣ ಹೇಳುತ್ತೇನೆ. ನಿಮ್ಮ ಗಾಡಿಯ ಎಂಜಿನ್ ರೆನೋದ 1149 ಸಿಸಿ, ಆದರೆ ಬಾಡಿ ಫೈಬರ್. ತಗಡಿನ ಬಾಡಿಯ ಕಾರಿನಲ್ಲಿ ಬಾಡಿಯೇ ವಾಪಸ್ ದಾರಿ, ಒಂದು ಅರ್ಥ್ ಕೆಟ್ಟರೂ ಕರೆಂಟು ಇನ್ನೊಂದು ಬೋಲ್ಟು ಹುಡುಕಿಕೊಂಡು ಹೇಗೋ ಮನೆ ಸೇರುತ್ತದೆ. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಎಲ್ಲ ಅರ್ಥೂ ವೈರಿನ ಮೂಲಕ ಕೆಳಗಿನ ಕಬ್ಬಿಣದ ಚಾಸಿಗೇ ಬರಬೇಕು. ಆ ಚಾಸಿ ಮೊದಲು ಗೋವಾದ ಉಪ್ಪುಗಾಳಿ ಕುಡಿದಿದೆ, ಆಮೇಲೆ ಬೆಳಗಾವಿಯ ಜೂನ್‌ನಿಂದ ಸೆಪ್ಟೆಂಬರ್. ನಮ್ಮೂರಿನ ಮಳೆಗಾಲ ಗೊತ್ತಲ್ಲ, ಒಣಹಾಕಿದ ಬಟ್ಟೆಯೇ ಒಣಗಲ್ಲ. ಅರ್ಥ್ ಬೋಲ್ಟಿನ ಕೆಳಗೆ ತುಕ್ಕಿನ ಒಂದು ತೆಳು ಪದರ ಕೂತರೆ ಸಾಕು, ಡ್ಯಾಶ್‌ಬೋರ್ಡಿನ ದೀಪಗಳಿಗೆ ಬೇಕಾದ ಚೂರುಪಾರು ಕರೆಂಟು ಹೋಗುತ್ತದೆ, ಸೆಲ್ಫಿಗೆ ಬೇಕಾದ್ದು ಹೋಗುವುದಿಲ್ಲ. ನಿಮ್ಮ ಲಕ್ಷಣವೂ ಅದೇ ಅಲ್ವಾ?

ಮೀಟರ್ ಇಲ್ಲದೆಯೂ ಇದನ್ನು ಹಿಡಿಯಬಹುದು. ಒಂದು ಜಂಪರ್ ಕೇಬಲ್ ತೆಗೆದುಕೊಳ್ಳಿ. ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಆಮೇಲೆ ಇನ್ನೊಂದು ತುದಿ ಬ್ಯಾಟರಿಯಿಂದ ದೂರ, ಎಂಜಿನ್ನಿನ ಗಟ್ಟಿ ಲೋಹಕ್ಕೆ ಕಚ್ಚಿಸಿ. ಚಾವಿ ತಿರುಗಿಸಿ. ಗಾಡಿ ಸ್ಟಾರ್ಟ್ ಆದರೆ ಸೆಲ್ಫ್ ಮೋಟಾರ್ ನಿರಪರಾಧಿ. ಅರ್ಥ್ ಸ್ಟ್ರಾಪಿನ (ಅರ್ಥಿಂಗಿನ ದಪ್ಪ ಕೇಬಲ್) ಎರಡೂ ತುದಿ ಬಿಚ್ಚಿ, ಲೋಹ ಹೊಳೆಯುವ ತನಕ ಎಮರಿ ಪೇಪರ್ ಹಾಕಿ ತಿಕ್ಕಿ, ಸ್ಟಾರ್ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಹಚ್ಚಿ. ಮೇಲೆ, ಒಳಗಲ್ಲ. ಸ್ಟ್ರಾಪಿನ ತುದಿಯಲ್ಲಿ ಇನ್ಸುಲೇಷನ್ ಸ್ವಲ್ಪ ಸೀಳಿ ನೋಡಿ. ತಾಮ್ರ ಹಸಿರಾಗಿ ಪುಡಿ ಉದುರಿದರೆ ತಿಕ್ಕುವ ಕೆಲಸ ವ್ಯರ್ಥ, ಹೊಸದನ್ನೇ ಮಾಡಿಸಿ. ತುದಿಯ ಲೋಹದ ಲಗ್ಗನ್ನು ಕ್ರಿಂಪ್ ಮಾಡಿಸಿ (ಉಪಕರಣದಿಂದ ಒತ್ತಿಸಿ), ಸುತ್ತಿಗೆಯಿಂದ ಜಜ್ಜಿಸಬೇಡಿ.

ಇಷ್ಟೆಲ್ಲ ಸರಿ ಇದ್ದು ಮೋಟಾರಿನ ಬಾಯಿಗೆ 10–11 ವೋಲ್ಟ್ ಬಂದರೂ ತಿರುಗದಿದ್ದರೆ ಆಗ ಮೋಟಾರ್ ಬಿಚ್ಚಿ. ಆಗಲೂ ಹೊಸದೇ ಬೇಕೆಂದಿಲ್ಲ. ಕಾರ್ಬನ್ ಬ್ರಷ್ ಸವೆದಿರುತ್ತದೆ, ಬುಷ್ ಸಡಿಲಾಗಿರುತ್ತದೆ, ಇಲ್ಲವೇ ಸೊಲೆನಾಯ್ಡ್ ಕಾಂಟ್ಯಾಕ್ಟ್. ಅಳತೆಗೆ ಹತ್ತಿರದ ಬ್ರಷ್ ತಂದು ಉಜ್ಜಿ ಕೂರಿಸುವ ಆಟೋ ಎಲೆಕ್ಟ್ರಿಷಿಯನ್‌ಗಳು ಇನ್ನೂ ಇದ್ದಾರೆ. ಬುಷ್ ಬೇಕಾದರೆ ಉದ್ಯಮಬಾಗ್ ಕೈಗಾರಿಕಾ ಪ್ರದೇಶ ಇರುವ ಊರಿನಲ್ಲಿ ಲೇತ್‌ಗೇನು ಬರವೇ?

ಪ್ರಶ್ನೆ: ಮನೆಯಲ್ಲಿ ಅಜ್ಜನ ಕಾಲದ 1965ರ ಎಂಜಿಬಿ (ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು) ಇದೆ. ವರ್ಷಗಟ್ಟಲೆ ನಿಂತಿತ್ತು. ಮೊನ್ನೆ ಹೊಸ ಬ್ಯಾಟರಿ ಕೂರಿಸಿದ ಹುಡುಗ ಎಲ್ಲ ಗಾಡಿಗೂ ಕೊಡುವ ಹಾಗೆ ನೆಗೆಟಿವ್ ಅನ್ನು ಬಾಡಿಗೆ ಕೊಟ್ಟ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಆಮೇಲೆ ಪುಸ್ತಕ ತೆಗೆದು ನೋಡಿದರೆ ಪಾಸಿಟಿವ್ ಅರ್ಥ್, ಅಂದರೆ ಬಾಡಿಗೆ ಪಾಸಿಟಿವ್ ಕೊಡಬೇಕು, ಅಂತಿದೆ. ಎಲ್ಲ ಸುಟ್ಟುಹೋಯ್ತಾ?
– ಜಮಖಂಡಿ, ಬಾಗಲಕೋಟೆ ಜಿಲ್ಲೆ

ಉತ್ತರ: ಗಾಬರಿ ಬೇಡ. ಆ ಕಾರಿನಲ್ಲಿ ಸುಡುವಂಥ ಎಲೆಕ್ಟ್ರಾನಿಕ್ಸ್ ಇರುವುದೇ ಕಡಿಮೆ. ಎಂಜಿಬಿ 1962ರಲ್ಲಿ ಬಂತು. 1967ರವರೆಗಿನ ಗಾಡಿಗಳು ಪಾಸಿಟಿವ್ ಅರ್ಥ್, ಬ್ಯಾಟರಿ ಚಾರ್ಜ್ ಮಾಡಲು ಡೈನಮೋ. ಆಮೇಲೆ ಡೈನಮೋ ಜಾಗಕ್ಕೆ ಆಲ್ಟರ್ನೇಟರ್ ಬಂತು, ಅದರ ಜೊತೆ ನೆಗೆಟಿವ್ ಅರ್ಥ್. ಸೆಲ್ಫ್ ಸರಿಯಾಗೇ ತಿರುಗಿದ್ದಕ್ಕೆ ಆಶ್ಚರ್ಯ ಪಡಬೇಡಿ. ಅದರೊಳಗಿನ ಫೀಲ್ಡ್ ಕಾಯಿಲ್ ಮತ್ತು ಆರ್ಮೇಚರ್ ಎರಡರಲ್ಲೂ ಕರೆಂಟ್ ಒಟ್ಟಿಗೇ ತಿರುಗಿ ಹರಿಯುವುದರಿಂದ ಬ್ಯಾಟರಿ ಉಲ್ಟಾ ಕೊಟ್ಟರೂ ಮೋಟಾರ್ ಅದೇ ದಿಕ್ಕಿಗೆ ತಿರುಗುತ್ತದೆ. ಸ್ಪಾರ್ಕ್ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಕೂಡ ಕೆಲಸ ಮಾಡುತ್ತದೆ, ಸ್ಪಾರ್ಕ್ ಮಾತ್ರ ಸ್ವಲ್ಪ ಬಡವಾಗುತ್ತದೆ. ಎಲೆಕ್ಟ್ರಾನಿಕ್ ಟ್ಯಾಕೋಮೀಟರ್ (ಆರ್‌ಪಿಎಂ ಮೀಟರ್) ಇದ್ದರೆ ಅದಕ್ಕೆ ಪೆಟ್ಟಾಗಿರಬಹುದು. ಹಳೆ ರೇಡಿಯೋ ಇದ್ದರೆ ಅದಕ್ಕೂ.

ನಿಜವಾದ ಅಪಾಯ ಎಂಜಿನ್ ಓಡಿದಾಗ. ಡೈನಮೋ ಒಂದು ದಿಕ್ಕಿಗೆ ಚಾರ್ಜ್ ಮಾಡುತ್ತದೆ, ಬ್ಯಾಟರಿ ಇನ್ನೊಂದು ದಿಕ್ಕಿಗಿದೆ, ನಡುವಿನ ಆಟೋಮ್ಯಾಟಿಕ್ ಸ್ವಿಚ್ಚಾದ ಕಟ್‌ಔಟಿನ ಪಾಯಿಂಟ್ ಸುಟ್ಟು ಅಂಟಿಕೊಳ್ಳುತ್ತವೆ. ಗಾಡಿ ಹತ್ತಲಿಲ್ಲ ಅನ್ನುವುದು ನಿಮ್ಮ ಅದೃಷ್ಟ.

ಬ್ಯಾಟರಿ ತಿರುಗಿಸುವ ಮುಂಚೆ ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಇಷ್ಟು ವರ್ಷಗಳಲ್ಲಿ ಯಾರಾದರೂ ಗಾಡಿಯನ್ನು ನೆಗೆಟಿವ್ ಅರ್ಥ್‌ಗೆ ಬದಲಿಸಿದ್ದಾರಾ? ಆಲ್ಟರ್ನೇಟರ್ ಕಂಡರೆ ಖಂಡಿತ ಬದಲಾಗಿದೆ, ಆಗ ಹುಡುಗ ಮಾಡಿದ್ದೇ ಸರಿ. ಡೈನಮೋ ಇದ್ದರೆ ಮನೆಯ ಹಿರಿಯರನ್ನು ಕೇಳಿ, ಹಳೆ ಬ್ಯಾಟರಿ ಕ್ಲ್ಯಾಂಪುಗಳನ್ನೂ ನೋಡಿ. ಪಾಸಿಟಿವ್ ಗೂಟ ನೆಗೆಟಿವ್‌ಗಿಂತ ದಪ್ಪ, ಹಾಗಾಗಿ ದೊಡ್ಡ ತೂತಿನ ಕ್ಲ್ಯಾಂಪ್ ಬಾಡಿಯ ಕೇಬಲ್ಲಿಗೆ ಇದ್ದರೆ ಅದು ಪಾಸಿಟಿವ್ ಅರ್ಥೇ. ಈ ಗಾಡಿಯಲ್ಲಿ ಕಂಪನಿಯಿಂದ ಬಂದದ್ದು ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ, ಒಂದಕ್ಕೊಂದು ಕೇಬಲ್ ಜೋಡಿಸಿ 12. ಈಗ ಒಂದೇ 12 ವೋಲ್ಟಿನದು ಹಾಕಿದ್ದರೆ ಒಳ್ಳೆಯದೇ, ನಡುವಿನ ಕೇಬಲ್ಲಿನ ಕಾಟ ತಪ್ಪಿತು.

ಪಾಸಿಟಿವ್ ಅನ್ನು ಬಾಡಿಗೆ ಕೊಟ್ಟ ಮೇಲೆ ಡೈನಮೋಗೆ ದಿಕ್ಕು ನೆನಪಿಸಬೇಕು. ಕಟ್‌ಔಟ್ ಡಬ್ಬಿಯಿಂದ ‘ಎಫ್’ ವೈರ್ ಬಿಚ್ಚಿ, ಆ ವೈರಿನ ತುದಿಯನ್ನು ಬ್ಯಾಟರಿಯ ಲೈವ್ ಲೈನಿಗೆ ಒಂದೆರಡು ಸಲ ಕ್ಷಣ ಮಾತ್ರ ಮುಟ್ಟಿಸಿ. ಸಣ್ಣ ಕಿಡಿ ಬರುತ್ತದೆ, ಅಷ್ಟೇ. ವೈರ್ ಮತ್ತೆ ಅದರ ಜಾಗಕ್ಕೆ ಹಾಕಿ.

ಇನ್ನು ಎಂಜಿನ್ ಹತ್ತದಿರುವ ವಿಷಯ. ಇದಕ್ಕೂ ಬ್ಯಾಟರಿ ಉಲ್ಟಾ ಕೊಟ್ಟದ್ದಕ್ಕೂ ಬಹುಶಃ ಸಂಬಂಧವಿಲ್ಲ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ, ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಪಾಯಿಂಟ್ ಮೇಲೆ ಕಿಲುಬು ಕೂತಿರುತ್ತದೆ. ಚಾವಿ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ, ಕಿವಿ ಕೊಡಿ. ಗಾಡಿಯ ಹಿಂಭಾಗದಿಂದ, ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪ್ ‘ಟಿಕ್ ಟಿಕ್’ ಅಂದು ನಿಲ್ಲಬೇಕು. ಅಂದರೆ ಇಗ್ನಿಷನ್ ಲೈನಿನಲ್ಲಿ ಜೀವ ಇದೆ. ಇಲ್ಲದಿದ್ದರೆ ಬಿಳಿ ವೈರ್ ಹಿಡಿದು ಹೋಗಿ. ಲ್ಯೂಕಾಸ್ (ಇಂಗ್ಲೆಂಡಿನ ಎಲೆಕ್ಟ್ರಿಕಲ್ ಸಾಮಾನಿನ ಕಂಪನಿ) ವೈರಿಂಗಿನಲ್ಲಿ ಬಣ್ಣಗಳಿಗೆ ಕಟ್ಟುನಿಟ್ಟು ಅರ್ಥವಿದೆ: ಕಂದು ಯಾವಾಗಲೂ ಲೈವ್, ಬಿಳಿ ಚಾವಿ ಆನ್ ಆದಾಗ ಲೈವ್, ಹಸಿರು ಅದೇ ಕರೆಂಟು ಫ್ಯೂಸ್ ದಾಟಿ ಬಂದದ್ದು, ನೇರಳೆ ಅಂದರೆ ಚಾವಿ ಇಲ್ಲದೆಯೂ ಫ್ಯೂಸ್ ಮೂಲಕ ಲೈವ್, ಕಪ್ಪು ಅರ್ಥ್. ಇಷ್ಟು ಗೊತ್ತಿದ್ದರೆ ಆ ಕಾಲದ ಅರ್ಧ ಇಂಗ್ಲಿಷ್ ಕಾರುಗಳ ವೈರಿಂಗ್ ಓದಬಹುದು. ಆದರೆ ಕಂದು, ಬಿಳಿ ಎರಡಕ್ಕೂ ಫ್ಯೂಸ್ ಇಲ್ಲ. ಬ್ಯಾಟರಿ ಬಿಚ್ಚದೆ ಅಲ್ಲಿ ಸ್ಕ್ರೂಡ್ರೈವರ್ ಆಡಿಸಿದರೆ ಇಡೀ ಹಾರ್ನೆಸ್ (ವೈರುಗಳ ಕಟ್ಟು) ಹೊಗೆಯಾಗುತ್ತದೆ.

ಈಗ ಟೆಸ್ಟ್ ಲ್ಯಾಂಪಿನ ಒಂದು ತುದಿ ಬಾಡಿಗೆ, ಇನ್ನೊಂದು ತುದಿ ಕಾಯಿಲಿನಲ್ಲಿ ಡಿಸ್ಟ್ರಿಬ್ಯೂಟರ್ ಕಡೆಯ ಟರ್ಮಿನಲ್‌ಗೆ. ಸೆಲ್ಫ್ ಹೊಡೆದಾಗ ಲ್ಯಾಂಪ್ ಮಿಣುಕಬೇಕು. ಹತ್ತಿದ್ದು ಆರದೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ ಅಥವಾ ಕಿಲುಬು ಹಿಡಿದಿದೆ. ಹತ್ತುವುದೇ ಇಲ್ಲ ಅಂದರೆ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲವೇ ಒಳಗಿನ ಸಣ್ಣ ವೈರ್ ಬಾಡಿಗೆ ತಾಗುತ್ತಿದೆ, ಇಲ್ಲವೇ ಕಾಯಿಲ್‌ವರೆಗೆ ಕರೆಂಟೇ ಬಂದಿಲ್ಲ. ಪಾಯಿಂಟ್ ನಡುವೆ ಒಂದು ದಪ್ಪ ಕಾಗದದ ಪಟ್ಟಿ ಎಳೆದು ಒರೆಸಿ, ಗ್ಯಾಪ್ 15 ಥೌ, ಅಂದರೆ ಸುಮಾರು 0.38 ಮಿಲಿಮೀಟರ್ ಇಡಿ. ನೂರಕ್ಕೆ ತೊಂಬತ್ತು ಪಾಲು ಇಷ್ಟಕ್ಕೇ ಹತ್ತುತ್ತದೆ ಅಂತ ನನ್ನ ನಂಬಿಕೆ. ಹಾಂ, ಚೋಕ್ ಕೇಬಲ್ ಬಿಸಿಯಾಗುತ್ತಿದೆಯಾ ಅಂತಲೂ ಮುಟ್ಟಿ ನೋಡಿ. ಬಿಸಿಯಾದರೆ ಎಂಜಿನ್ನಿನ ಅರ್ಥ್ ಸ್ಟ್ರಾಪ್ ಕಡಿದುಹೋಗಿದೆ, ಪಾಪ ಆ ಸಣ್ಣ ಕೇಬಲ್ ಸೆಲ್ಫಿನ ಭಾರ ಹೊರುತ್ತಿದೆ.

ಪ್ರಶ್ನೆ: ಎರಡು ಸೀಟಿನ ಹಳೆ ಕಾರು, ತಿಂಗಳಿಗೊಮ್ಮೆ ಹೊರಗೆ ತೆಗೆಯುತ್ತೇನೆ. ಪ್ರತಿ ಸಲ ಬ್ಯಾಟರಿ ಡೌನ್. ಎರಡು ವರ್ಷಕ್ಕೊಂದು ಬ್ಯಾಟರಿ ತಿನ್ನುತ್ತಿದೆ. ಬ್ಯಾಟರಿ ಕಂಪನಿಯವರದೇ ತಪ್ಪಾ?
– ವಿಜಯಪುರ

ಉತ್ತರ: ಕಂಪನಿಯನ್ನು ಬೈಯುವ ಮುಂಚೆ ನಿಮ್ಮೂರಿನ ಏಪ್ರಿಲ್ ನೆನಪಿಸಿಕೊಳ್ಳಿ. ಬ್ಯಾಟರಿಯನ್ನು ಬೇಗ ಮುದಿ ಮಾಡುವುದು ಬಿಸಿ. 40 ಡಿಗ್ರಿ ದಾಟುವ ಊರಿನಲ್ಲಿ, ಅದೂ ಬಿಸಿ ಬಾನೆಟ್ ಕೆಳಗೆ, ನೀರು ಬೇಗ ಇಂಗುತ್ತದೆ, ಪ್ಲೇಟ್ ಬೇಗ ಸವೆಯುತ್ತವೆ. ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಿ ಡಿಸ್ಟಿಲ್ಡ್ ವಾಟರ್ ಹಾಕಿ. ಬೋರಿನ ನೀರು ಬೇಡ.

ಆದರೂ ತಿಂಗಳೊಳಗೆ ಡೌನ್ ಆಗುವುದಕ್ಕೆ ಬಿಸಿಯೊಂದೇ ಕಾರಣವಲ್ಲ, ಎಲ್ಲೋ ಸೋರಿಕೆ ಇದೆ. ಎಲ್ಲ ಆಫ್ ಮಾಡಿ, ಮೀಟರನ್ನು 10 ಆಂಪಿಯರ್‌ಗೆ ಇಟ್ಟು, ನೆಗೆಟಿವ್ ಕೇಬಲ್ ಬಿಚ್ಚಿ ಅದರ ಮತ್ತು ಗೂಟದ ನಡುವೆ ಜೋಡಿಸಿ. ಹಾಗೆ ಜೋಡಿಸಿದಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. ಅರ್ಧ ತಾಸು ಬಿಟ್ಟು ನೋಡಿ, 50 ಮಿಲಿಆಂಪಿಯರ್ ಒಳಗಿರಬೇಕು. 50 ಕೂಡ ನಿಂತ ಗಾಡಿಗೆ ಕಡಿಮೆಯೇನಲ್ಲ. ದಿನಕ್ಕೆ 1.2 ಆಂಪಿಯರ್-ಅವರ್, 20 ದಿನಕ್ಕೆ 24. ನಿಮ್ಮದು 45ರ ಬ್ಯಾಟರಿಯಾದರೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಜಾಸ್ತಿ ತೋರಿಸಿದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಇಳಿಯುತ್ತದೋ ಆ ಲೈನಿನಲ್ಲಿದೆ ಕಳ್ಳ. ಸಾಮಾನ್ಯವಾಗಿ ಮ್ಯೂಸಿಕ್ ಸಿಸ್ಟಮ್, ಅಲಾರಮ್, ಆರದ ಡಿಕ್ಕಿ ಲೈಟ್. ಎಲ್ಲ ಫ್ಯೂಸ್ ಕಿತ್ತರೂ ಇಳಿಯದಿದ್ದರೆ ಆಲ್ಟರ್ನೇಟರಿನ ದಪ್ಪ ವೈರ್ ಬಿಚ್ಚಿ ನೋಡಿ, ಡಯೋಡ್ ಸೋರುತ್ತಿರಬಹುದು. ಹುಡುಕುವ ತಾಳ್ಮೆ ಇಲ್ಲದಿದ್ದರೆ ನೆಗೆಟಿವ್‌ಗೆ ಒಂದು ಕಟ್‌ಆಫ್ ಸ್ವಿಚ್ ಹಾಕಿಸಿ, ಮುಗಿಯಿತು.

ಪ್ರಶ್ನೆ: 90ರ ದಶಕದ ಇಂಜೆಕ್ಷನ್ ಕಾರು, ಎರಡು ಬಾಗಿಲಿನದು. ಬೆಳಿಗ್ಗೆ ಒಂದೇ ಹೊಡೆತಕ್ಕೆ ಸ್ಟಾರ್ಟ್. ಬೆಳಗಾವಿಗೆ ಹೋಗುವಾಗ ಲೋಕಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದರೆ ಮತ್ತೆ ಹತ್ತುವುದಿಲ್ಲ. ಸೆಲ್ಫ್ ಜೋರಾಗೇ ತಿರುಗುತ್ತದೆ. ಅರ್ಧ ತಾಸು ಬಿಟ್ಟರೆ ಏನೂ ಆಗದವರ ಹಾಗೆ ಹತ್ತುತ್ತದೆ. ಗ್ಯಾರೇಜಿಗೆ ಒಯ್ದಾಗ ತೊಂದರೆಯೇ ಕಾಣಿಸಲ್ಲ.
– ನವನಗರ, ಬಾಗಲಕೋಟೆ

ಉತ್ತರ: ಗ್ಯಾರೇಜಿಗೆ ತಣ್ಣಗಾದ ಗಾಡಿ ಒಯ್ದರೆ ಅವರಾದರೂ ಏನು ಹಿಡಿಯುತ್ತಾರೆ? ಇದನ್ನು ಹಿಡಿಯಬೇಕಾದ್ದು ಲೋಕಾಪುರದಲ್ಲೇ, ಚಹಾ ಆರುವ ಮುಂಚೆ.

ಮೂರು ವಿಷಯ ನೋಡಿ. ಚಾವಿ ಆನ್ ಮಾಡಿದಾಗ ಹಿಂದಿನ ಪೆಟ್ರೋಲ್ ಪಂಪ್ ಒಂದೆರಡು ಸೆಕೆಂಡ್ ‘ಗುಂಯ್’ ಅನ್ನುತ್ತದಾ? ಬೆಳಿಗ್ಗೆ ಅನ್ನುತ್ತಿದ್ದು ಈಗ ಇಲ್ಲ ಅಂದರೆ ಪಂಪಿನ ರಿಲೇ. ಆ ಕಾಲದ ಹಲವು ರಿಲೇಗಳ ಒಳಗೆ ಬೆಸುಗೆ ಬಿರುಕು ಬಿಟ್ಟಿರುತ್ತದೆ, ಕ್ಯಾಬಿನ್ ಕಾದಾಗ ಆ ಬಿರುಕು ಬಾಯಿ ತೆರೆಯುತ್ತದೆ. ಡಬ್ಬಿ ಬಿಚ್ಚಿ ಬೆಸುಗೆ ಮತ್ತೆ ಹಾಕಿಸಿದರೆ ಆಯ್ತು. ಪಂಪ್ ಸರಿ ಇದ್ದರೆ, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನೋಡಿ. ಬಹಳಷ್ಟು ಗಾಡಿಗಳಲ್ಲಿ ಅದು ಸ್ವಲ್ಪವಾದರೂ ಏಳುತ್ತದೆ. ಅಲುಗದೆ ಸೊನ್ನೆಯಲ್ಲೇ ಕೂತಿದ್ದರೆ ಎಂಜಿನ್ ತಿರುಗುತ್ತಿದೆ ಅನ್ನುವ ಸುದ್ದಿಯೇ ಕಂಪ್ಯೂಟರಿಗೆ ಮುಟ್ಟುತ್ತಿಲ್ಲ. ಆಗ ಕ್ರ್ಯಾಂಕ್ ಸೆನ್ಸರ್ ಮೇಲೆ, ಅದಿಲ್ಲದ ಗಾಡಿಯಾದರೆ ಡಿಸ್ಟ್ರಿಬ್ಯೂಟರ್ ಒಳಗಿನ ಪಿಕಪ್ ಕಾಯಿಲ್ ಮೇಲೆ ಅನುಮಾನ. ಮುಳ್ಳು ಎದ್ದರೂ ಸ್ಪಾರ್ಕ್ ಇಲ್ಲ ಅಂದರೆ ಇಗ್ನಿಷನ್ ಮಾಡ್ಯೂಲ್ (ಸ್ಪಾರ್ಕ್ ಕೊಡಿಸುವ ಎಲೆಕ್ಟ್ರಾನಿಕ್ ಡಬ್ಬಿ). ಸ್ಪಾರ್ಕ್ ನೋಡಲು ಅಗ್ಗದ ಸ್ಪಾರ್ಕ್ ಟೆಸ್ಟರ್ ಒಂದನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ, ಪ್ಲಗ್ ವೈರ್ ಕೈಯಲ್ಲಿ ಹಿಡಿಯುವ ಸಾಹಸ ಬೇಡ.

ಅನುಮಾನ ಬಂದ ಸೆನ್ಸರ್ ಮೇಲೆ ಒದ್ದೆ ಬಟ್ಟೆ ಇಟ್ಟು ತಣ್ಣಗೆ ಮಾಡಿ. ಐದು ನಿಮಿಷದಲ್ಲಿ ಗಾಡಿ ಹತ್ತಿದರೆ ಕಳ್ಳ ಸಿಕ್ಕ. ಹೊಸ ಸೆನ್ಸರ್ ತರಿಸುವ ಮುಂಚೆ ಅದರ ಪ್ಲಗ್ ಬಿಚ್ಚಿ ಒಳಗಿನ ಪಿನ್ ನೋಡಿ, ವೈರನ್ನು ಎಗ್ಜಾಸ್ಟ್ ಕಡೆಯ ತಿರುವಿನವರೆಗೆ ಬೆರಳಿನಿಂದ ಸವರಿಕೊಂಡು ಹೋಗಿ. ಕಾದು ಕಾದು ಇನ್ಸುಲೇಷನ್ ಗಟ್ಟಿಯಾಗಿ, ಬಾಗಿಸಿದರೆ ‘ಪಟ್’ ಅಂತ ಒಡೆಯುವ ಹಾಗಾಗಿದ್ದರೆ ಸೆನ್ಸರ್ ಬೇಕಿಲ್ಲ, ಒಂದು ಅಡಿ ವೈರ್ ಸಾಕು.